ಅಡಿಗೆಯ ಮನೆಗೆ ಹೊಸ ಸಿಂಕು

ಹೊಸದಾಗಿ ಮನೆ ಕಟ್ಟಿಸುವವರಾಗಲಿ, ಹಳೆಯ ಮನೆಯನ್ನು ದುರಸ್ತಿ ಮಾಡಿಸುವವರಾಗಲಿ, ದೇವರ ಮನೆ ಯಾವ ದಿಕ್ಕಿಗಿರಬೇಕು, ನಡುಮನೆಯ ನೆಲಕ್ಕೆ ಎಂತಹ ಕಲ್ಲು ಒಪ್ಪುತ್ತದೆ ಎಂಬ ವಿಚಾರಗಳಲ್ಲಿ ತೋರಿಸುವ ಆಸಕ್ತಿಯ ನೂರರಲ್ಲೊಂದು ಪಾಲನ್ನೂ ಅಡಿಗೆಯ ಮನೆಯ ಸಿಂಕಿನ ವಿಚಾರದಲ್ಲಿ ತೋರಿಸುವುದಿಲ್ಲ. ಅದು ಪಾತ್ರೆ ತೊಳೆಯುವ ತೊಟ್ಟಿ. ಅಂಗಡಿಯಲ್ಲಿ ಹೊಳೆಯುವುದೊಂದನ್ನು ಆರಿಸಿ ತಂದು ನಲ್ಲಿಯ ಕೆಲಸದವನ ಕೈಗೆ ಒಪ್ಪಿಸಿಬಿಟ್ಟರೆ ಮುಗಿಯಿತೆಂಬುದು ಸಾಮಾನ್ಯವಾದ ಭಾವನೆ. ಆದರೆ ಆ ತೊಟ್ಟಿಯ ತಳದಲ್ಲಿರುವ ಮೂರೂವರೆ ಅಂಗುಲದ ರಂಧ್ರವನ್ನು ಕೊಂಚ ಯೋಚಿಸಿ ನೋಡಬೇಕು. ಅದರ ಆಚೆಯ ತುದಿ ಊರಿನ ಒಳಚರಂಡಿಯಲ್ಲಿದೆ. ಎಂದರೆ ಅದು ಚರಂಡಿಗೂ ಅನ್ನದ ತಟ್ಟೆಗೂ ನಡುವೆ ತೆರೆದಿರುವ ಒಂದು ಬಾಗಿಲು. ಈ ಬಾಗಿಲನ್ನು ಎಲ್ಲಿ ಇಡಬೇಕು, ಹೇಗೆ ಮುಚ್ಚಬೇಕು, ಅದರ ಮೂಲಕ ಏನನ್ನು ಹೊರಕ್ಕೆ ಕಳುಹಿಸಬಹುದು ಎಂಬುದನ್ನು ವಿಚಾರ ಮಾಡುವುದೇ ಈ ಭಾಷಣದ ಉದ್ದೇಶ.

ನಮ್ಮ ಹಳೆಯ ಮನೆಗಳಲ್ಲಿ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಮುಸುರೆಯ ಪಾತ್ರೆಗಳು ಹಿತ್ತಿಲಿಗೆ ಹೋಗುತ್ತಿದ್ದುವು. ಬೂದಿ, ಹುಣಿಸೆಯ ಹಣ್ಣು, ತೆಂಗಿನ ನಾರು ಇವುಗಳಿಂದ ಬೆಳಗಿ ತೊಳೆದ ನೀರು ಬಾಳೆಯ ಬುಡಕ್ಕೋ ಕೆಸುವಿನ ಮಡಿಗೋ ಹರಿದು, ಬಿಸಿಲಿನಲ್ಲಿಯೂ ಮಣ್ಣಿನಲ್ಲಿಯೂ ಅಡಗಿಹೋಗುತ್ತಿತ್ತು. ಬೆಂಗಳೂರಿಗೆ ಹೆಸರಘಟ್ಟದ ಕೆರೆಯ ನೀರು ೧೮೯೬ರಲ್ಲಿ ಕೊಳವೆಯ ಮೂಲಕ ಬಂದಿತು. ಕಾವೇರಿಯ ನೀರು ೧೯೭೪ರಲ್ಲಿ ಬಂದಿತು. ನೀರು ಕೊಳವೆಯಲ್ಲಿ ಒಳಕ್ಕೆ ಬಂದಮೇಲೆ ಅದು ಕೊಳವೆಯಲ್ಲಿಯೇ ಹೊರಕ್ಕೂ ಹೋಗಬೇಕಾಯಿತು. ಹಿತ್ತಿಲಿಲ್ಲದ ಮನೆಗಳೂ, ಒಂದರ ಮೇಲೊಂದು ಹತ್ತು ಹದಿನೈದು ಅಂತಸ್ತುಗಳಾಗಿ ನಿಂತ ವಸತಿಗಳೂ ಹೆಚ್ಚಿದಂತೆಲ್ಲ, ನಿಂತುಕೊಂಡು ಪಾತ್ರೆ ತೊಳೆಯುವ ಸಿಂಕು ಎಲ್ಲರಿಗೂ ಅಗತ್ಯವಾಯಿತು. ಇದರಿಂದ ಮಂಡಿಗೂ ಸೊಂಟಕ್ಕೂ ಉಪಕಾರವಾದುದು ನಿಜ. ಆದರೆ ಹಿತ್ತಿಲಿನ ಬಿಸಿಲೂ ಗಾಳಿಯೂ ಮಾಡುತ್ತಿದ್ದ ಕೆಲಸದ ಭಾರವೆಲ್ಲ ಈಗ ಸಿಂಕಿನ ಕೆಳಗಿರುವ ಗೇಣುದ್ದದ ಒಂದು ಕೊಳವೆಯ ಮೇಲೆ ಬಿದ್ದಿದೆ.

ಸಿಂಕನ್ನು ಕೊಳ್ಳುವುದಕ್ಕೆ ಮುಂಚೆ ನಿಶ್ಚಯಿಸಬೇಕಾದುದು ಎತ್ತರವನ್ನು. ಅಡಿಗೆಯ ಕಟ್ಟೆಯನ್ನು ಸಾಮಾನ್ಯವಾಗಿ ನೆಲದಿಂದ ೩೨ ರಿಂದ ೩೪ ಅಂಗುಲದಷ್ಟು ಎತ್ತರಿಸುತ್ತಾರೆ. ಹಚ್ಚುವುದಕ್ಕೂ ಲಟ್ಟಿಸುವುದಕ್ಕೂ ಇದು ಸರಿಯೇ, ಯಾತಕ್ಕೆಂದರೆ ಆ ಕೆಲಸಗಳಲ್ಲಿ ಕೈ ಇರುವುದು ಕಟ್ಟೆಯ ಮೇಲೆ. ಪಾತ್ರೆ ತೊಳೆಯುವಾಗಲಾದರೋ ಕೈ ಇರುವುದು ತೊಟ್ಟಿಯ ಅಂಚಿನಲ್ಲಲ್ಲ, ಅದರ ತಳದಲ್ಲಿ. ೩೨ ಅಂಗುಲದ ಕಟ್ಟೆಯಲ್ಲಿ ೧೦ ಅಂಗುಲ ಆಳದ ಸಿಂಕನ್ನು ಇಳಿಬಿಟ್ಟರೆ ಕೆಲಸ ನಡೆಯುವುದು ನೆಲದಿಂದ ೨೨ ಅಂಗುಲದ ಮೇಲೆ. ಅಲ್ಲಿಗೆ ಕೈ ಚಾಚಬೇಕಾದರೆ ಬೆನ್ನು ಬಾಗಲೇಬೇಕು. ದಿನಕ್ಕೆ ಒಂದು ಗಂಟೆಯಂತೆ ವರ್ಷಗಟ್ಟಲೆ ಬಾಗಿದ ಬೆನ್ನು ಏನಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ. ಆದಕಾರಣ ಅಳತೆಯ ನಿಯಮ ಹೀಗೆ: ತೊಳೆಯುವವರು ನೆಟ್ಟಗೆ ನಿಂತು ತೋಳನ್ನು ಇಳಿಯಬಿಟ್ಟಾಗ ಅಂಗೈ ಎಲ್ಲಿಗೆ ಬರುವುದೋ ಅಲ್ಲಿ ತೊಟ್ಟಿಯ ತಳವಿರಬೇಕು. ಇದಕ್ಕಾಗಿ ಸಿಂಕಿರುವ ಭಾಗದಲ್ಲಿ ಕಟ್ಟೆಯನ್ನು ಎರಡು ಮೂರು ಅಂಗುಲ ಎತ್ತರಿಸಬಹುದು; ಅದಾಗದಿದ್ದರೆ ಏಳೆಂಟು ಅಂಗುಲಕ್ಕಿಂತ ಹೆಚ್ಚು ಆಳವಿಲ್ಲದ ತೊಟ್ಟಿಯನ್ನು ಆರಿಸಬಹುದು. ಇಲ್ಲಿ ಅಳೆಯಬೇಕಾದುದು ಹಣ ಕೊಡುವ ಯಜಮಾನರನ್ನಲ್ಲ. ದಿನವೂ ಅಲ್ಲಿ ನಿಲ್ಲುವವರನ್ನು. ಅವರು ಮನೆಯೊಡತಿಯಾಗಿರಲಿ, ಸಂಬಳಕ್ಕೆ ಬಂದು ಹೋಗುವ ಹೆಂಗಸಾಗಿರಲಿ, ಅವರ ಮಾತನ್ನು ಕೇಳದೆ ಇಟ್ಟ ಸಿಂಕು ಎಷ್ಟು ಬೆಲೆಯುಳ್ಳದ್ದಾದರೂ ಸರಿಯಾದ ಸಿಂಕಲ್ಲ.

ಇನ್ನು ಲೋಹದ ಮಾತು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ತುಕ್ಕು ಹಿಡಿಯದ ಉಕ್ಕು. ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ೧೯೧೩ರಲ್ಲಿ ಇಂತಹ ಉಕ್ಕನ್ನು ಎರಕ ಹೊಯ್ದನು. ಇದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ, ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದನ್ನು ಮೈಮೇಲೆ ಕಟ್ಟಿಕೊಳ್ಳುತ್ತದೆ. ಗೀರು ಬಿದ್ದರೆ ಪೊರೆ ತಾನಾಗಿಯೇ ಮತ್ತೆ ಬೆಳೆಯುತ್ತದೆ. ತುಕ್ಕು ಹಿಡಿಯದಿರುವ ಗುಟ್ಟು ಇದು. ಸಿಂಕಿಗೆ ಒಳ್ಳೆಯದೆನಿಸಿದ ಉಕ್ಕಿನಲ್ಲಿ ನೂರಕ್ಕೆ ಸುಮಾರು ೧೮ ಪಾಲು ಕ್ರೋಮಿಯಂ, ೮ ಪಾಲು ನಿಕಲ್ ಇರುತ್ತವೆ. ಇದಕ್ಕೆ ೩೦೪ನೆಯ ದರ್ಜೆಯೆಂದು ಹೆಸರು. ನಿಕಲ್ ಬೆಲೆಯುಳ್ಳ ಲೋಹವಾದುದರಿಂದ ಅದನ್ನು ಕಡಮೆ ಮಾಡಿ ಮ್ಯಾಂಗನೀಸನ್ನು ಸೇರಿಸಿದ ೨೦೦ರ ಸರಣಿಯ ಉಕ್ಕೂ ಮಾರಾಟಕ್ಕಿದೆ. ಅದು ಅಗ್ಗ, ಆದರೆ ಬೇಗ ಕಲೆಗಟ್ಟುತ್ತದೆ. ವ್ಯಾಪಾರಿಗಳು ಅಯಸ್ಕಾಂತವನ್ನು ತೊಟ್ಟಿಗೆ ಹಿಡಿದು, ಅದು ಅಂಟದಿರುವುದನ್ನು ತೋರಿಸಿ, ಇದೇ ಉತ್ತಮವಾದ ಉಕ್ಕೆಂದು ಹೇಳುವುದುಂಟು. ಈ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಮೇಲೆ ಹೇಳಿದ ಎರಡು ಬಗೆಯ ಉಕ್ಕಿಗೂ ಅಯಸ್ಕಾಂತ ಅಂಟುವುದಿಲ್ಲ. ದರ್ಜೆಯನ್ನು ರಸೀತಿಯಲ್ಲಿ ಬರೆಯಿಸಿಕೊಳ್ಳುವುದೇ ಸರಿಯಾದ ದಾರಿ. ತಗಡಿನ ದಪ್ಪವನ್ನು ಗೇಜು ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಇಲ್ಲಿ ಅಂಕಿ ಕಡಮೆಯಾದಷ್ಟೂ ತಗಡು ದಪ್ಪ. ೧೮ನೆಯ ಗೇಜು ಸುಮಾರು ೧.೨ ಮಿಲಿಮೀಟರು, ಮನೆಯ ಬಳಕೆಗೆ ಇದು ಸಾಕು. ಉಪ್ಪಿನ ಅಂಶವೂ ಬಟ್ಟೆ ಬಿಳುಪು ಮಾಡುವ ದ್ರವವೂ ಆ ಪೊರೆಗೆ ವೈರಿಗಳಾದುದರಿಂದ, ಅವುಗಳನ್ನು ರಾತ್ರಿಯೆಲ್ಲ ತೊಟ್ಟಿಯಲ್ಲಿ ನಿಲ್ಲಗೊಡಬಾರದು.

ಸಿಂಕನ್ನು ಕಟ್ಟೆಯ ಕಲ್ಲಿಗೆ ಎರಡು ವಿಧವಾಗಿ ಕೂರಿಸಬಹುದು. ಅಂಚು ಕಲ್ಲಿನ ಮೇಲೆ ಒರಗುವಂತೆ ಇಳಿಬಿಡುವುದು ಒಂದು ವಿಧ; ಕಲ್ಲಿನ ಕೆಳಗಿನಿಂದ ಒತ್ತಿ ಹಿಡಿಸುವುದು ಇನ್ನೊಂದು. ಎರಡನೆಯದರಲ್ಲಿ ಕಟ್ಟೆಯ ಮೇಲಿನ ನೀರನ್ನು ನೇರವಾಗಿ ತೊಟ್ಟಿಗೆ ಒರೆಸಿಬಿಡಬಹುದಾದ ಸೌಕರ್ಯವಿದೆ. ಆದರೆ ಭಾರವನ್ನು ಹೊರುವುದು ಯಾವುದು ಎಂಬ ಪ್ರಶ್ನೆಯೂ ಇದೆ. ೨೪ ಅಂಗುಲ ಉದ್ದ, ೧೮ ಅಂಗುಲ ಅಗಲ, ೯ ಅಂಗುಲ ಆಳವುಳ್ಳ ತೊಟ್ಟಿಯಲ್ಲಿ ಸುಮಾರು ೬೩ ಲೀಟರು ನೀರು ಹಿಡಿಯುತ್ತದೆ. ಎಂದರೆ ೬೩ ಕಿಲೋಗ್ರಾಂ; ಬೆಳೆದ ಒಬ್ಬ ಮನುಷ್ಯನ ತೂಕ. ಇದನ್ನು ಬರಿಯ ಅಂಟಿನ ಮೇಲೆ ನಂಬಿ ಬಿಡುವುದು ಯುಕ್ತವಲ್ಲ. ಕೆಳಗಿನಿಂದ ಲೋಹದ ಆಸರೆಪಟ್ಟಿಗಳಿರಬೇಕು. ಕಲ್ಲನ್ನು ಕತ್ತರಿಸುವಾಗ ನಾಲ್ಕು ಮೂಲೆಗಳಲ್ಲಿಯೂ ಮೊದಲು ದುಂಡನೆಯ ರಂಧ್ರ ಕೊರೆದು ಆಮೇಲೆ ಗೀಟೆಳೆದಲ್ಲಿ ಕೊಯ್ಯಬೇಕು. ಮೂಲೆ ಚೂಪಾಗಿದ್ದರೆ ಒತ್ತಡವೆಲ್ಲ ಅಲ್ಲಿಯೇ ಕೂಡಿ, ಕಾಲಾಂತರದಲ್ಲಿ ಅಲ್ಲಿಂದಲೇ ಬಿರುಕು ಹೊರಡುತ್ತದೆ. ನೀರು ಹನಿಸುತ್ತ ಕೊಯ್ಯಬೇಕೆಂಬುದನ್ನು ಮಾತ್ರ ಮರೆಯಬಾರದು. ಬೆಣಚುಕಲ್ಲಿನ ಒಣ ಧೂಳು ಪುಪ್ಪುಸಗಳನ್ನು ಹೊಕ್ಕರೆ ಸಿಲಿಕೋಸಿಸ್ ಎಂಬ, ವಾಸಿಯಾಗದ ಕಾಯಿಲೆಯನ್ನು ತರುತ್ತದೆ. ಕತ್ತರಿಸುವವನು ನಮ್ಮ ಮನೆಯಲ್ಲಿ ಒಂದು ದಿನ ಇದ್ದು ಹೋಗುವನು. ಆದರೆ ಅವನಿಗೆ ಈ ಕೆಲಸ ನಿತ್ಯದ್ದು.

ಇಷ್ಟೂ ಕಣ್ಣಿಗೆ ಕಾಣುವ ಭಾಗ. ಸಿಂಕಿನ ಜೀವವಿರುವುದು ಕಣ್ಣಿಗೆ ಕಾಣದ ಕೆಳಭಾಗದಲ್ಲಿ. ತೊಟ್ಟಿಯಿಂದ ಇಳಿದ ಕೊಳವೆ ಒಂದು ಕಡೆ ಕೆಳಕ್ಕೆ ಬಾಗಿ, ಮತ್ತೆ ಮೇಲಕ್ಕೆದ್ದು, ಆಮೇಲೆ ಗೋಡೆಯ ಕಡೆಗೆ ತಿರುಗುತ್ತದೆ. ಈ ಬಾಗಿಗೆ ಟ್ರ್ಯಾಪು ಎಂದು ಹೆಸರು. ತೊಳೆದ ನೀರೆಲ್ಲ ಹರಿದುಹೋದಮೇಲೂ ಬಾಗಿನ ತಗ್ಗಿನಲ್ಲಿ ಎರಡು ಮೂರು ಅಂಗುಲ ಎತ್ತರದ ನೀರು ನಿಂತೇ ಇರುತ್ತದೆ. ಮೇಲಿನಿಂದ ಬಂದ ನೀರು ಇದನ್ನು ತಳ್ಳಿಕೊಂಡು ಹೋಗಿ ತಾನು ಅದರ ಸ್ಥಾನದಲ್ಲಿ ನಿಲ್ಲುತ್ತದೆ. ಆದರೆ ಕೆಳಗಿನ ಚರಂಡಿಯ ಗಾಳಿಯಾಗಲಿ, ಜಿರಳೆಯಾಗಲಿ ಇದನ್ನು ದಾಟಿ ಬರಲಾರವು. ನೀರಿಗೆ ದಾರಿಯಾಗಿಯೂ ಗಾಳಿಗೆ ಅಡ್ಡವಾಗಿಯೂ ಇರುವ ಬಾಗಿಲು ಇದು. ಇದರಲ್ಲಿ ಕೀಲಿಲ್ಲ, ಸವೆಯುವ ಯಂತ್ರವಿಲ್ಲ. ಹಿಡಿ ನೀರೇ ಬಾಗಿಲು. ಲಂಡನ್ನಿನಲ್ಲಿ ಗಡಿಯಾರದ ಕೆಲಸ ಮಾಡುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬ ಸ್ಕಾಟ್ಲೆಂಡಿನವನು ೧೭೭೫ರಲ್ಲಿ ಶೌಚದ ಪಾತ್ರೆಗಾಗಿ ಪಡೆದ ಪೇಟೆಂಟಿನಲ್ಲಿ ಇಂತಹ ಬಾಗನ್ನು ಅಳವಡಿಸಿದ್ದನು. ಈಗ ಪ್ರಪಂಚದ ಲಕ್ಷಾಂತರ ಸಿಂಕುಗಳ ಕೆಳಗೆ ಇರುವುದು ಅದೇ ತತ್ತ್ವ.

ಇದರ ಇತಿಹಾಸದಲ್ಲಿ ಗಮನಾರ್ಹವಾದ ಒಂದು ಅಂಶವಿದೆ. ಹತ್ತೊಂಬತ್ತನೆಯ ಶತಮಾನದ ವಿದ್ಯಾವಂತರು ಕೆಟ್ಟ ಗಾಳಿಯೇ ಜ್ವರ ಕಾಲರಾಗಳಿಗೆ ಮೂಲವೆಂದು ನಂಬಿದ್ದರು. ೧೮೫೮ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ತಡೆಯಲಾರದಷ್ಟಾಗಿ, ಪಾರ್ಲಿಮೆಂಟು ಲಂಡನ್ನಿಗೆ ಹೊಸ ಒಳಚರಂಡಿಗಳನ್ನು ಕಟ್ಟಿಸಲು ಹಣ ಒದಗಿಸಿತು. ಕಾಲರಾ ಹರಡುವುದು ಗಾಳಿಯಿಂದಲ್ಲ, ಕೆಟ್ಟ ನೀರಿನಿಂದ ಎಂದು ಜಾನ್ ಸ್ನೋ ಎಂಬ ವೈದ್ಯನು ಅದಕ್ಕೆ ನಾಲ್ಕು ವರ್ಷ ಮುಂಚೆಯೇ ತೋರಿಸಿದ್ದನು. ಕ್ರಿಮಿಗಳ ಜ್ಞಾನ ಬೆಳೆದಮೇಲೆ ಕೆಟ್ಟ ಗಾಳಿಯ ಸಿದ್ಧಾಂತ ಬಿದ್ದುಹೋಯಿತು. ಚರಂಡಿಯ ವಾಸನೆ ಬರಿಯ ಅಸಹ್ಯವೇ ಹೊರತು ಅಪಾಯವಲ್ಲವೆಂದು ಜನ ಉದಾಸೀನರಾದರು. ಆದರೆ ೨೦೦೩ರ ಮಾರ್ಚಿಯಲ್ಲಿ ಹಾಂಕಾಂಗಿನ ಅಮಾಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಸಾರ್ಸ್ ಎಂಬ ರೋಗ ಮುನ್ನೂರಕ್ಕೂ ಹೆಚ್ಚು ನಿವಾಸಿಗಳಿಗೆ ತಗುಲಿ, ಅವರಲ್ಲಿ ನಲವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ತನಿಖೆ ಮಾಡಿದವರು ತಲುಪಿದ ನಿರ್ಣಯವಿದು: ಅನೇಕ ಮನೆಗಳ ಬಚ್ಚಲಿನ ನೆಲದಲ್ಲಿದ್ದ ಬಾಗುಕೊಳವೆಗಳಲ್ಲಿ ನೀರು ಒಣಗಿಹೋಗಿತ್ತು, ಗಾಳಿಯನ್ನು ಹೊರಕ್ಕೆ ಸೆಳೆಯುವ ಪಂಖ ತಿರುಗಿದಾಗ, ಒಬ್ಬ ರೋಗಿಯ ಮಲದಿಂದ ಕೊಳವೆಗೆ ಸೇರಿದ್ದ ಸೋಂಕು ಸೂಕ್ಷ್ಮವಾದ ತುಂತುರಾಗಿ ಆ ಒಣಗಿದ ಬಾಗುಗಳ ಮೂಲಕ ಮೇಲಕ್ಕೆದ್ದಿತು. ಕಾರಣವನ್ನು ತಪ್ಪಾಗಿ ತಿಳಿದಿದ್ದ ಹಿಂದಿನವರು ಸರಿಯಾದ ಸಾಧನವನ್ನು ಬಿಟ್ಟುಹೋಗಿದ್ದರು. ಅದರಲ್ಲಿ ಒಂದು ತಂಬಿಗೆ ನೀರಿದ್ದಿದ್ದರೆ ಆ ದಾರಿ ಮುಚ್ಚಿರುತ್ತಿತ್ತು.

ಹಾಗಾದರೆ ನಮ್ಮ ಸಿಂಕಿನ ಕೆಳಗೆ ಈ ನೀರಿನ ಬಾಗಿಲು ಏತರಿಂದ ಕೆಡುತ್ತದೆ? ಮುಖ್ಯವಾದ ಕಾರಣಗಳು ಮೂರು. ಮೊದಲನೆಯದು, ಬಾಗೇ ಇಲ್ಲದಿರುವುದು. ಮಡಿಕೆ ಮಡಿಕೆಯಾದ ಮೆತುವಾದ ಕೊಳವೆಯೊಂದನ್ನು ತೊಟ್ಟಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೆಲದ ರಂಧ್ರಕ್ಕೆ ತೂರಿಸಿ, ಸುತ್ತಲೂ ಹಳೆಯ ಬಟ್ಟೆಯನ್ನು ತುರುಕಿ ಹೋಗುವುದು ನಮ್ಮ ಊರುಗಳಲ್ಲಿ ಬಹಳವಾಗಿ ನಡೆಯುತ್ತಿದೆ. ಆ ಕೊಳವೆಯ ಮಡಿಕೆಗಳಲ್ಲಿ ಅನ್ನದ ಅಗುಳೂ ಜಿಡ್ಡೂ ಸೇರಿ ಕೊಳೆಯುತ್ತವೆ. ಬಟ್ಟೆ ಗಾಳಿಯನ್ನು ತಡೆಯುವುದಿಲ್ಲ. ಒಳಮೈ ನುಣುಪಾಗಿರುವ ಗಟ್ಟಿಯಾದ ಕೊಳವೆಯನ್ನೇ ಹಾಕಿಸಿ, ಸೇರುವ ಕಡೆಗಳಲ್ಲಿ ರಬ್ಬರಿನ ಬಳೆಯಿಟ್ಟು ಬಿಗಿಸಬೇಕು. ಎರಡನೆಯದು, ಬಾಗಿನ ನೀರು ಎಳೆದುಹೋಗುವುದು. ತುಂಬಿದ ತೊಟ್ಟಿಯನ್ನು ಒಮ್ಮೆಗೇ ಬಿಟ್ಟಾಗ ಕೊಳವೆ ತುಂಬ ಇಳಿಯುವ ನೀರು ತನ್ನ ಹಿಂದಿನ ಗಾಳಿಯನ್ನು ಸೆಳೆದು, ಬಾಗಿನಲ್ಲಿ ನಿಲ್ಲಬೇಕಾದ ನೀರನ್ನೂ ಒಯ್ಯುತ್ತದೆ. ಕೊನೆಯಲ್ಲಿ ಕೇಳುವ ಗುಳುಗುಳು ಸದ್ದು ಇದರ ಸೂಚನೆ. ನೇರವಾಗಿ ನೆಲಕ್ಕಿಳಿಯುವ ಬಾಗಿನಲ್ಲಿ ಇದು ಹೆಚ್ಚು. ಗೋಡೆಯ ಕಡೆಗೆ ಅಡ್ಡಲಾಗಿ ತಿರುಗುವ ಬಾಗಿನಲ್ಲಿ ಕಡಮೆ. ಕೊಳವೆಯ ಸಾಲಿಗೆ ಮಾಳಿಗೆಯ ಮೇಲೆ ಬಾಯ್ದೆರೆಯುವ ಗಾಳಿಕೊಳವೆಯೊಂದಿದ್ದರೆ ಸೆಳೆತ ತಪ್ಪುತ್ತದೆ. ಮೂರನೆಯದು, ನೀರು ಆರಿಹೋಗುವುದು. ಬೇಸಗೆಯ ರಜದಲ್ಲಿ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೋಗುವವರು ಹೊರಡುವಾಗ ಒಂದು ಚೊಂಬು ನೀರನ್ನೂ ಅದರ ಮೇಲೆ ಒಂದು ಚಮಚ ಎಣ್ಣೆಯನ್ನೂ ಸುರಿದರೆ, ತೇಲುವ ಎಣ್ಣೆ ನೀರು ಬೇಗ ಆರದಂತೆ ಕಾಯುತ್ತದೆ. ಅಡಿಗೆಯ ಮನೆಯಲ್ಲಿಯೂ ಹೊಗೆ ಸೆಳೆಯುವ ಪಂಖಗಳು ಬಂದಿರುವ ಈ ಕಾಲದಲ್ಲಿ ಹಾಂಕಾಂಗಿನ ಪಾಠವನ್ನು ನಾವು ನೆನೆಯಬೇಕಾದುದು ಇಂತಹ ಸಂದರ್ಭದಲ್ಲಿಯೇ.

ಕೊಳವೆಯ ಇಳಿಜಾರಿಗೂ ಒಂದು ಲೆಕ್ಕವುಂಟು. ಅಡ್ಡಲಾಗಿ ಹೋಗುವ ಕೊಳವೆ ಪ್ರತಿ ಅಡಿಗೆ ಕಾಲು ಅಂಗುಲದಂತೆ, ಎಂದರೆ ಮೀಟರಿಗೆ ಸುಮಾರು ಎರಡು ಸೆಂಟಿಮೀಟರಿನಂತೆ, ಇಳಿದಿರಬೇಕು. ಇಳಿಜಾರು ಕಡಮೆಯಾದರೆ ಜಿಡ್ಡು ನಿಲ್ಲುತ್ತದೆ. ಎಲ್ಲ ಕೆಲಸವೂ ಮುಗಿದಮೇಲೆ ಕೆಲಸದವನನ್ನು ಕಳುಹಿಸುವುದಕ್ಕೆ ಮುಂಚೆ ಒಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು. ತೊಟ್ಟಿಯ ತುಂಬ ನೀರು ನಿಲ್ಲಿಸಿ, ಕೊಳವೆಯ ಸೇರುವೆಗಳ ಕೆಳಗೆ ಒಣ ಕಾಗದವನ್ನು ಹರಡಿ, ಒಮ್ಮೆಗೇ ನೀರನ್ನು ಬಿಡಬೇಕು. ಕಾಗದದ ಮೇಲೆ ಒಂದು ಹನಿಯೂ ಬೀಳದಿದ್ದರೆ ಬಿಸಿನೀರಿನಿಂದ ಮತ್ತೊಮ್ಮೆ ಅದೇ ಪರೀಕ್ಷೆ. ಬಿಸಿಗೆ ಕೊಳವೆ ಹಿಗ್ಗಿದಾಗ ಬಯಲಾಗುವ ದೋಷಗಳೂ ಇವೆ. ಆದರೆ ಕುದಿಯುವ ನೀರು ಬೇಡ. ಬಸಿದ ಗಂಜಿಯನ್ನು ಒಲೆಯಿಂದ ಇಳಿಸಿದ ಹಾಗೆಯೇ ಸಿಂಕಿಗೆ ಸುರಿಯುವ ಅಭ್ಯಾಸದಿಂದ ಪಿ.ವಿ.ಸಿ. ಕೊಳವೆ ಮೆತ್ತಗಾಗಿ ಸೇರುವೆ ಸಡಲುತ್ತದೆ. ಗಂಜಿಯ ಪಿಷ್ಟ ಒಳಗೆ ಅಂಟಾಗಿ ಕೂರುತ್ತದೆ.

ಬಾಗಿಲನ್ನು ಮುಚ್ಚುವ ವಿಚಾರ ಇಷ್ಟಾಯಿತು. ಅದರ ಮೂಲಕ ನಾವು ಹೊರಕ್ಕೆ ಏನನ್ನು ಕಳುಹಿಸುತ್ತೇವೆಂಬುದು ಉಳಿದ ಮಾತು. ತುಪ್ಪವೂ ಕೊಬ್ಬರಿಯ ಎಣ್ಣೆಯೂ ತಣ್ಣಗಾದ ಕೊಳವೆಯಲ್ಲಿ ಹೆಪ್ಪುಗಟ್ಟುವುವು. ಹೆಪ್ಪುಗಟ್ಟದ ಎಣ್ಣೆಗಳೂ ನಿರಪಾಯವಲ್ಲ. ಅವುಗಳ ಆಮ್ಲಗಳು ನೀರಿನಲ್ಲಿಯೂ ಗಾರೆಯಲ್ಲಿಯೂ ಇರುವ ಸುಣ್ಣದ ಅಂಶದೊಡನೆ ಸೇರಿ ಸಾಬೂನಿನಂತಹ ಗಟ್ಟಿ ಪದಾರ್ಥವಾಗಿ ಚರಂಡಿಯ ಗೋಡೆಗೆ ಮೆತ್ತಿಕೊಳ್ಳುವುವು. ೨೦೧೭ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯ ಕೆಳಗೆ ಹೀಗೆ ಬೆಳೆದ ಜಿಡ್ಡಿನ ಗುಡ್ಡೆ ಸುಮಾರು ೨೫೦ ಮೀಟರು ಉದ್ದ, ೧೩೦ ಟನ್ನು ತೂಕವಿದ್ದಿತು. ಅದು ಒಂದೊಂದು ಮನೆಯ ಒಂದೊಂದು ಚಮಚದಿಂದಲೇ ಬೆಳೆದುದು. ಆದುದರಿಂದ ಬಾಣಲೆಯ ಎಣ್ಣೆಯನ್ನು ಕಾಗದದಿಂದ ಒರೆಸಿ ಕಸಕ್ಕೆ ಹಾಕಿ ಆಮೇಲೆ ತೊಳೆಯುವುದೂ, ರಂಧ್ರದ ಮೇಲೆ ಸಣ್ಣ ಕಣ್ಣಿನ ಜಾಲರಿಯನ್ನು ಇಡುವುದೂ ಹೊಸ ಸಿಂಕಿನೊಡನೆ ಹೊಸದಾಗಿ ಕಲಿಯಬೇಕಾದ ಪದ್ಧತಿಗಳು. ಕೊಳವೆ ಕಟ್ಟಿಕೊಂಡರೆ ಕೆಳಗೆ ಬೋಗುಣಿಯಿಟ್ಟು ಬಾಗನ್ನು ಬಿಚ್ಚಿ ತೊಳೆಯುವುದೇ ಮೊದಲನೆಯ ಉಪಾಯ. ತೀಕ್ಷ್ಣವಾದ ಮದ್ದುಗಳನ್ನು ಒಂದರ ಮೇಲೊಂದು ಸುರಿಯಬಾರದು. ಬಿಳುಪು ಮಾಡುವ ದ್ರವಕ್ಕೆ ಆಮ್ಲ ಸೇರಿದರೆ ಕ್ಲೋರಿನ್ ಎಂಬ ವಿಷವಾಯು ಹೊರಡುತ್ತದೆ.

ಸಿಂಕಿನಲ್ಲಿ ಕಟ್ಟಿಕೊಂಡುದನ್ನು ನಾವು ಬಿಚ್ಚಿ ತೊಳೆಯಬಹುದು. ಬೀದಿಯ ಕೆಳಗೆ ಕಟ್ಟಿಕೊಂಡುದನ್ನು ತೆಗೆಯುವವರು ಯಾರು? ಚರಂಡಿಯ ಗುಂಡಿಯಲ್ಲಿ ಕೊಳೆತ ಪದಾರ್ಥಗಳಿಂದ ಹೈಡ್ರೊಜನ್ ಸಲ್ಫೈಡ್ ಎಂಬ ವಾಯು ಹುಟ್ಟುತ್ತದೆ. ಸ್ವಲ್ಪವಿದ್ದಾಗ ಅದಕ್ಕೆ ಕೊಳೆತ ಮೊಟ್ಟೆಯ ನಾತ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲಿನಷ್ಟಾದರೆ ಮೂಗಿನ ಶಕ್ತಿಯನ್ನೇ ಅದು ಕುಂದಿಸುವುದರಿಂದ ನಾತ ನಿಂತುಹೋಯಿತೆಂದು ತೋರುತ್ತದೆ. ಇನ್ನೂ ಹೆಚ್ಚಾದರೆ ಕ್ಷಣಮಾತ್ರದಲ್ಲಿ ಪ್ರಾಣಹಾನಿ. ಮನುಷ್ಯರನ್ನು ರಕ್ಷಣೆಯಿಲ್ಲದೆ ಇಂತಹ ಗುಂಡಿಗಳಿಗೆ ಇಳಿಸುವುದನ್ನು ೨೦೧೩ರ ಕಾನೂನು ನಿಷೇಧಿಸಿದೆ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿ, ಈ ಅನ್ಯಾಯದ ವಿರುದ್ಧ ಹೋರಾಡುತ್ತ ಬಂದಿರುವ ಬೆಜವಾಡ ವಿಲ್ಸನ್ನರಿಗೆ ೨೦೧೬ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಹೀಗೆ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು ೨೦೨೩ರ ಅಕ್ಟೋಬರಿನಲ್ಲಿ ೧೦ ಲಕ್ಷದಿಂದ ೩೦ ಲಕ್ಷ ರೂಪಾಯಿಗಳಿಗೆ ಏರಿಸಿತು. ಕಾನೂನು ಬಂದು ಹತ್ತು ವರ್ಷ ಕಳೆದಮೇಲೂ ಪರಿಹಾರದ ಮೊತ್ತವನ್ನು ಏರಿಸಬೇಕಾಗಿ ಬಂದುದೇ, ಸಾವು ನಿಂತಿಲ್ಲವೆಂಬುದಕ್ಕೆ ಸಾಕ್ಷಿ.

ಚರಂಡಿಗಳನ್ನು ಯಂತ್ರದಿಂದ ಶುದ್ಧಿಮಾಡಿಸುವುದು ನಗರದ ಆಡಳಿತದ ಹೊಣೆ. ಅದನ್ನು ಕೇಳುವುದು ಪೌರರ ಹಕ್ಕು. ಆದರೆ ಯಂತ್ರಕ್ಕಾಗಲಿ ಮನುಷ್ಯನಿಗಾಗಲಿ ಅಲ್ಲಿ ಕೆಲಸ ಹೆಚ್ಚದಂತೆ ನೋಡಿಕೊಳ್ಳುವುದು ಒಂದೊಂದು ಮನೆಯ ಕೈಯಲ್ಲಿದೆ. ತೊಳೆಯುವವರ ಎತ್ತರಕ್ಕೆ ಒಪ್ಪುವ ತೊಟ್ಟಿ, ನೀರು ನಿಲ್ಲುವ ಬಾಗು, ರಂಧ್ರದ ಮೇಲೊಂದು ಜಾಲರಿ, ಬಾಣಲೆ ಒರೆಸಲು ಒಂದು ಹರುಕು ಕಾಗದ: ಇವಿಷ್ಟನ್ನು ಒದಗಿಸಿಕೊಳ್ಳುವುದು ಯಾವ ಗೃಹಸ್ಥನಿಗೂ ಭಾರವಲ್ಲ. ಹೊಸ ಸಿಂಕನ್ನು ಇಡಿಸುವ ದಿನ ಅದರ ಹೊಳಪನ್ನು ನೋಡಿ ಸಂತೋಷಪಟ್ಟಮೇಲೆ, ಒಂದು ನಿಮಿಷ ಬಾಗಿ ಅದರ ಕೆಳಗನ್ನೂ ನೋಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೆಳೆಯಲೆಂದು ಹಾರೈಸುತ್ತೇವೆ.